ಪ್ರಶ್ನೋತ್ತರ: ಆಟೋಇಮ್ಯೂನ್ ಪ್ರತಿಕಾಯ, ಗರ್ಭ ಮತ್ತು ಇಲಿಗಳ ಪ್ರಯೋಗ

ನಿರ್ವಾಹಕಿ: ಈ ವಾರ ಆಟೋಇಮ್ಯೂನ್ ಪ್ರತಿಕಾಯಗಳ ಬಗ್ಗೆ ಕೇಳಬಹುದು. ಅಂದರೆ ನಮ್ಮ ದೇಹ ತನ್ನದೇ ಭಾಗಗಳ ವಿರುದ್ಧ ತಯಾರಿಸುವ ಪ್ರತಿಕಾಯಗಳು. ಗರ್ಭಿಣಿ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಏನು ಕಂಡಿದೆ, ಅದರಲ್ಲಿ ಮನುಷ್ಯರಿಗೆ ಹೊಂದುವುದು ಎಷ್ಟು ಅನ್ನುವುದೇ ವಿಷಯ. ಉತ್ತರ ಕೊಡುವವರು ಸಂಧಿವಾತ ಮತ್ತು ಇಮ್ಯೂನಾಲಜಿ ಡಾಕ್ಟರ್. ತರಬೇತಿಯ ದಿನಗಳಲ್ಲಿ ಮೂರು ವರ್ಷ ಇಂಥದ್ದೇ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದಾರೆ. ಒಬ್ಬರಿಗೆ ಒಂದು ಪ್ರಶ್ನೆ.

ಹೊಸ ಸದಸ್ಯೆ: ನಮಸ್ತೆ ಡಾಕ್ಟರ್. ನನ್ನ ಎಎನ್ಎ ಪಾಸಿಟಿವ್, 1:80. ಲೂಪಸ್ ಎಂಬ ಆಟೋಇಮ್ಯೂನ್ ರೋಗ ಬಂದ ಇಲಿಗಳ ಮರಿಗಳು ಹೊಟ್ಟೆಯಲ್ಲೇ ಸಾಯುತ್ತವೆ ಎಂದು ಓದಿದೆ. ನನಗೆ 6 ವಾರ. ತುಂಬಾ ಭಯ ಆಗ್ತಿದೆ.

ಡಾಕ್ಟರ್: ಭಯ ಬೇಡ. ಎಎನ್ಎ ಅಂದರೆ ಜೀವಕೋಶದ ನ್ಯೂಕ್ಲಿಯಸ್ ವಿರುದ್ಧದ ಪ್ರತಿಕಾಯ. 1:80 ಅಂದರೆ ಸೀರಂ ಅನ್ನು 80 ಪಟ್ಟು ತೆಳು ಮಾಡಿದಾಗಲೂ ಅದು ಕಂಡಿದೆ. ಎಎನ್ಎ ಒಂದೇ ಪಾಸಿಟಿವ್ ಬಂದರೆ ಅದು ರೋಗ ಅಲ್ಲ. ಯಾವ ರೋಗವೂ ಇಲ್ಲದವರನ್ನು ಪರೀಕ್ಷಿಸಿದಾಗಲೂ 1:80ರಲ್ಲಿ ಸುಮಾರು ಶೇ 13 ಜನರಿಗೆ ಪಾಸಿಟಿವ್ ಬಂದಿದೆ. 1:40ರಲ್ಲಂತೂ ಶೇ 30ಕ್ಕೂ ಜಾಸ್ತಿ. ಕೀಲುನೋವು, ಚರ್ಮದ ಕಲೆ, ಬಾಯಿಹುಣ್ಣು, ಹಿಂದಿನ ಗರ್ಭಪಾತ, ಇವು ಯಾವುದೂ ಇಲ್ಲದಿದ್ದರೆ ಇದರ ಮೇಲೆ ಇನ್ನೇನೂ ಮಾಡಬೇಕಿಲ್ಲ. ನಿಮ್ಮ ಡಾಕ್ಟರಿಗೆ ರಿಪೋರ್ಟ್ ತೋರಿಸಿ. ನೀವು ಓದಿದ ಇಲಿಗಳು ಲೂಪಸ್ ಬರಲೆಂದೇ ಆರಿಸಿ ಬೆಳೆಸಿದ ತಳಿ. ನೀವು ಆ ತಳಿ ಅಲ್ಲ.

ಲ್ಯಾಬ್ ವಿದ್ಯಾರ್ಥಿ: ಮೇಡಂ, ಗರ್ಭ ನಿಲ್ಲದವರ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ (ಜೀವಕೋಶದ ಪೊರೆಯ ಕೊಬ್ಬು ಮತ್ತು ಅದರ ಜೊತೆಗಿರುವ ಪ್ರೋಟೀನಿನ ವಿರುದ್ಧದ್ದು) ಸಿಕ್ಕಿತು ಅಂದ ಮಾತ್ರಕ್ಕೆ ಅದೇ ಕಾರಣ ಎಂದು ಹೇಗೆ ಹೇಳುವುದು? ಸುಮ್ನೆ ಜೊತೆಗೆ ಇರಬಹುದಲ್ವಾ?

ಡಾಕ್ಟರ್: 1980ರ ದಶಕದ ತನಕ ಇದೇ ಜಗಳ ನಡೆದಿತ್ತು. ಅದನ್ನು ಮುಂದಕ್ಕೆ ತಳ್ಳಿದ್ದು ಇಲಿಗಳು.

1990ರಲ್ಲಿ ಅಮೆರಿಕದ ವೇರ್ ಬ್ರಾಂಚ್ ಮತ್ತು ಜೊತೆಗಾರರು ಇಂಥ ರೋಗಿಗಳ ರಕ್ತದಿಂದ ಐಜಿಜಿ ಎಂಬ ಬಗೆಯ ಪ್ರತಿಕಾಯಗಳನ್ನು ಬೇರ್ಪಡಿಸಿ ಆರೋಗ್ಯವಂತ ಗರ್ಭಿಣಿ ಇಲಿಗಳಿಗೆ ಕೊಟ್ಟರು. ಮರಿಗಳು ಸತ್ತವು. ಮರುವರ್ಷ ಇಸ್ರೇಲ್‌ನ ಯೆಹುದಾ ಶೋನ್‌ಫೆಲ್ಡ್ ತಂಡವೂ ಇದೇ ಬಗೆಯ ಬೇರೆ ಪ್ರತಿಕಾಯಗಳನ್ನು ಬಳಸಿ ಇಲಿಗಳಲ್ಲಿ ಈ ರೋಗವನ್ನೇ, ಅಂದರೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಅನ್ನು, ತರಿಸಿ ತೋರಿಸಿತು. ರೋಗ ಇಲ್ಲದ ಪ್ರಾಣಿಗೆ ಬರೀ ಪ್ರತಿಕಾಯ ದಾಟಿಸಿದರೆ ತೊಂದರೆಯೂ ದಾಟುತ್ತದೆ. ಇದು ದೊಡ್ಡ ಸಾಕ್ಷಿ.

ಒಂದು ವಿಷಯ ಗೊತ್ತಿರಲಿ. ಇಲಿಗೆ ನಮ್ಮ ಹಾಗೆ ಗರ್ಭ ಜಾರುವುದಿಲ್ಲ. ಸತ್ತ ಪಿಂಡ ಒಳಗೇ ಕರಗಿ ಹೋಗುತ್ತದೆ. ಇಲಿಯ ಗರ್ಭ ಸುಮಾರು 20 ದಿನದ್ದು. 15ನೇ ದಿನ ಗರ್ಭಕೋಶ ತೆರೆದು, ಬೆಳೆದ ಮರಿ ಎಷ್ಟು, ಕರಗಿ ಉಳಿದ ಕಪ್ಪು ಗಂಟು ಎಷ್ಟು ಎಂದು ಎಣಿಸುತ್ತೇವೆ. ನಾನೂ ಎಣಿಸಿದ್ದೇನೆ. ಮಣಿಸರದ ಹಾಗೆ ಸಾಲಾಗಿ ಗುಲಾಬಿ ಮರಿಗಳು, ನಡುನಡುವೆ ಆ ಗಂಟುಗಳು. ಮರೆಯುವಂಥದ್ದಲ್ಲ.

ಥೈರಾಯ್ಡ್ ಅಮ್ಮ: ನನಗೆ ಟಿಪಿಒ ಪ್ರತಿಕಾಯ ಇದೆ, ಅಂದರೆ ಥೈರಾಯ್ಡ್ ಗ್ರಂಥಿಯ ವಿರುದ್ಧದ್ದು. ಥೈರಾಯ್ಡ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಟಿಎಸ್‌ಎಚ್ ಸರಿ ಇದೆ. ಆದರೂ ಥೈರಾಯ್ಡ್ ಮಾತ್ರೆ ತಗೊಂಡರೆ ಮಗು ಉಳಿಯುತ್ತದಾ?

ಡಾಕ್ಟರ್: ಟಿಎಸ್‌ಎಚ್ ಸರಿ ಇದ್ದರೆ ಮಾತ್ರೆಯಿಂದ ಲಾಭ ಕಂಡಿಲ್ಲ. 2019ರ ಟ್ಯಾಬ್ಲೆಟ್ ಎಂಬ ಪ್ರಯೋಗದಲ್ಲಿ 900ಕ್ಕೂ ಹೆಚ್ಚು ಮಹಿಳೆಯರಿದ್ದರು. ಜೀವಂತ ಹೆರಿಗೆ ಮಾತ್ರೆ ತಗೊಂಡವರಲ್ಲಿ ಶೇ 37.4, ತಗೊಳ್ಳದವರಲ್ಲಿ ಶೇ 37.9. ಗರ್ಭ ನಿಂತ ಮೇಲೆ ಟಿಎಸ್‌ಎಚ್ ಏರಬಹುದು, ಅದನ್ನು ಆಗಾಗ ನೋಡಿಸಿ.

ಹಿತೈಷಿ: ಎಲ್ಲರಿಗೂ ಉಪಯೋಗ ಆಗಲಿ ಎಂದು ಹಂಚುತ್ತಿದ್ದೇನೆ. ‘ಗರ್ಭ ನಿಲ್ಲದವರಿಗೆ ವರದಾನ. ಇಲಿಗಳ ಮೇಲೆ ಸಾಬೀತಾದ ಬೇರಿನ ಪುಡಿ. ರಕ್ತ ತೆಳುವಾಗುತ್ತದೆ, ಪ್ರತಿಕಾಯ 21 ದಿನದಲ್ಲಿ ಮಾಯ. ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಇನ್ನು ಬೇಡ. ಹತ್ತು ಜನರಿಗೆ ಕಳಿಸಿ.’

ಡಾಕ್ಟರ್: ಯಾವ ತಳಿಯ ಇಲಿ? ಗರ್ಭದ ಎಷ್ಟನೇ ದಿನ ಕೊಟ್ಟರು? ಎಷ್ಟು ಮರಿ ಉಳಿದವು? ಪುಡಿ ಕೊಡದ ಗುಂಪಿನಲ್ಲಿ ಎಷ್ಟು? ಇದು ಯಾವುದೂ ಆ ಸಂದೇಶದಲ್ಲಿ ಇಲ್ಲ. ದಯವಿಟ್ಟು ತೆಗೆದುಹಾಕಿ. ಯಾರೂ ಇಂಜೆಕ್ಷನ್ ನಿಲ್ಲಿಸಬೇಡಿ.

ಎಂಟನೇ ವಾರ: ಡಾಕ್ಟರ್, ಈ ಪುಡಿಯ ವಿಷಯವೇ ಕೇಳಬೇಕಿತ್ತು. ನನಗೆ ಈಗ 8 ವಾರ. ಹಿಂದೆ ಎರಡು ಸಲ ಹೋಗಿದೆ. ಒಂದು 11 ವಾರಕ್ಕೆ, ಇನ್ನೊಂದು 23 ವಾರಕ್ಕೆ. ಲೂಪಸ್ ಆಂಟಿಕೋಆಗ್ಯುಲೆಂಟ್ (ಆಂಟಿಫಾಸ್ಫೋಲಿಪಿಡ್ ಪ್ರತಿಕಾಯದ ಒಂದು ಪರೀಕ್ಷೆ) ಪಾಸಿಟಿವ್. 12 ವಾರ ಬಿಟ್ಟು ಮತ್ತೆ ಮಾಡಿದಾಗಲೂ ಪಾಸಿಟಿವ್. ಆಸ್ಪಿರಿನ್ ಜೊತೆ ದಿನಾ ಹೆಪಾರಿನ್ ಇಂಜೆಕ್ಷನ್ ಬರೆದಿದ್ದರು. ಹೊಟ್ಟೆಯೆಲ್ಲ ನೀಲಿಗಟ್ಟಿ ಸಾಕಾಗಿ ಹೋಯಿತು. 9 ದಿನದಿಂದ ಇಂಜೆಕ್ಷನ್ ಬಿಟ್ಟು ಈ ಪುಡಿ ತಗೊಳ್ತಿದ್ದೇನೆ. ಎರಡೂ ರಕ್ತ ತೆಳು ಮಾಡುವುದೇ ತಾನೇ? ಒಂದೇ ಕೆಲಸ ಅಲ್ವಾ?

ಡಾಕ್ಟರ್: ಮುಂದೆ ಓದುವ ಮೊದಲು ನಿಮ್ಮ ಪ್ರಸೂತಿ ಡಾಕ್ಟರಿಗೆ ಫೋನ್ ಮಾಡಿ. ಈಗಲೇ. 9 ದಿನದಿಂದ ಹೆಪಾರಿನ್ ನಿಲ್ಲಿಸಿದ್ದೀರಿ, ಜೊತೆಗೆ ಒಂದು ಪುಡಿ ತಗೊಳ್ತಿದ್ದೀರಿ ಎಂದು ಎರಡನ್ನೂ ಹೇಳಿ. ಪುಡಿ ಇವತ್ತಿಗೆ ನಿಲ್ಲಲಿ. ಇಂಜೆಕ್ಷನ್ ಅನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ. ಪುಡಿಯಲ್ಲಿ ಏನಿದೆ ಗೊತ್ತಿಲ್ಲ. ನಿಜವಾಗಿಯೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತು ಇದ್ದರೆ, ಎರಡೂ ಸೇರಿ ರಕ್ತಸ್ರಾವ ಆಗಬಹುದು. ಯಾವಾಗ, ಎಷ್ಟು ಶುರು ಮಾಡಬೇಕು ಎಂದು ಅವರು ಹೇಳಲಿ. ಆದರೆ ಇವತ್ತೇ ಹೇಳಲಿ.

ಫೋನ್ ಆಯಿತೇ? ಈಗ ನಿಮ್ಮ ಪ್ರಶ್ನೆ. ಎರಡೂ ಒಂದೇ ಕೆಲಸ ಅಲ್ಲ. ಆ ಪುಡಿ ರಕ್ತ ತೆಳು ಮಾಡುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದೇ ಅಲ್ಲ.

ಮೊದಲು ನಾವೆಲ್ಲ ನಿಮ್ಮ ಹಾಗೇ ಅಂದುಕೊಂಡಿದ್ದೆವು. ಈ ಪ್ರತಿಕಾಯ ಇದ್ದವರಿಗೆ ರಕ್ತ ಹೆಪ್ಪುಗಟ್ಟುತ್ತದೆ, ಮಾಸಿನ ರಕ್ತನಾಳ ಕಟ್ಟಿಕೊಂಡು ಮಗು ಹೋಗುತ್ತದೆ, ಹೆಪಾರಿನ್ ಅದನ್ನು ತಡೆಯುತ್ತದೆ ಎಂದು. ಆದರೆ ಹೋದ ಗರ್ಭಗಳ ಮಾಸನ್ನು ತೆಗೆದು ನೋಡಿದರೆ ಎಷ್ಟೋ ಸಲ ಹೆಪ್ಪುಗಟ್ಟಿದ ರಕ್ತವೇ ಇರುತ್ತಿರಲಿಲ್ಲ.

2002ರಲ್ಲಿ ಮೈಕಲ್ ಹೋಲರ್ಸ್, ಗಿಲೆರ್ಮಿನಾ ಜಿರಾರ್ಡಿ, ಜೇನ್ ಸಾಲ್ಮನ್ ತಂಡ ಗರ್ಭಿಣಿ ಇಲಿಗಳಿಗೆ 8ನೇ ದಿನ ಮತ್ತು 12ನೇ ದಿನ ರೋಗಿಗಳ ಪ್ರತಿಕಾಯ ಕೊಟ್ಟಿತು. ಹತ್ತರಲ್ಲಿ ನಾಲ್ಕರಷ್ಟು ಪಿಂಡ ಕರಗಿದವು. ಅದೇ ಪ್ರತಿಕಾಯವನ್ನು ಸಿ3 ಎಂಬ ಪ್ರೋಟೀನ್ ಇಲ್ಲದ ಇಲಿಗಳಿಗೆ ಕೊಟ್ಟರೆ ಮರಿಗಳು ಉಳಿದವು. ಸಿ3 ಅಂದರೆ ಕಾಂಪ್ಲಿಮೆಂಟ್ ಎಂಬ ವ್ಯವಸ್ಥೆಯ ನಡುಗಂಬ. ರಕ್ತದಲ್ಲಿ ಸದಾ ಇರುವ ಪ್ರೋಟೀನುಗಳ ಗುಂಪು ಅದು. ಪ್ರತಿಕಾಯ ಎಲ್ಲಿ ಅಂಟಿದೆಯೋ ಅಲ್ಲಿ ಬೆಂಕಿ ಹಚ್ಚುವುದು ಅದರ ಕೆಲಸ. ರೋಗಾಣುವಿನ ಮೇಲೆ ಹಚ್ಚಿದರೆ ಒಳ್ಳೆಯದು. ಮಾಸಿನ ಮೇಲೆ ಹಚ್ಚಿದರೆ ಸಿ5ಎ ಎಂಬ ಚೂರು ಹೊರಬಂದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಅವು ಮಾಸನ್ನು ಹಾಳು ಮಾಡುತ್ತವೆ.

2004ರಲ್ಲಿ ಅದೇ ತಂಡ ಮಾಡಿದ ಕೆಲಸವೇ ನಿಮ್ಮ ಪ್ರಶ್ನೆಗೆ ಉತ್ತರ. ಒಂದು ಗುಂಪಿನ ಇಲಿಗಳಿಗೆ ಹೆಪಾರಿನ್. ಇನ್ನೊಂದಕ್ಕೆ ಹಿರುಡಿನ್, ಅಂದರೆ ಮೂಲತಃ ಜಿಗಣೆಯ ಜೊಲ್ಲಿನಲ್ಲಿ ಸಿಕ್ಕ ವಸ್ತು. ಮತ್ತೊಂದಕ್ಕೆ ಫಾಂಡಾಪ್ಯಾರಿನಕ್ಸ್. ಮೂರೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಆದರೆ ಮರಿಗಳು ಉಳಿದದ್ದು ಹೆಪಾರಿನ್ ಗುಂಪಿನಲ್ಲಿ ಮಾತ್ರ. ಯಾಕೆಂದರೆ ಹೆಪಾರಿನ್ ಕಾಂಪ್ಲಿಮೆಂಟನ್ನೂ ತಡೆಯುತ್ತದೆ, ಉಳಿದೆರಡು ತಡೆಯುವುದಿಲ್ಲ. ರಕ್ತ ತೆಳುವಾಯಿತು, ಮರಿ ಸತ್ತಿತು. ಅರ್ಥ ಆಯ್ತಲ್ವಾ? ಬರೀ ತೆಳು ಮಾಡಿದ್ದರಿಂದ ಸಾಲಲಿಲ್ಲ.

ಇದು ಇಲಿ, ಗೊತ್ತು. ಮನುಷ್ಯರ ಕಡೆಯಿಂದ ಎರಡು ಮಾತು. 1997ರಲ್ಲಿ ಇದೇ ರೋಗದ 90 ಮಹಿಳೆಯರ ಮೇಲಿನ ಪ್ರಯೋಗದಲ್ಲಿ ಬರೀ ಆಸ್ಪಿರಿನ್ ತಗೊಂಡವರಲ್ಲಿ ಶೇ 42, ಆಸ್ಪಿರಿನ್ ಜೊತೆ ಹೆಪಾರಿನ್ ತಗೊಂಡವರಲ್ಲಿ ಶೇ 71 ಜನಕ್ಕೆ ಜೀವಂತ ಹೆರಿಗೆ ಆಯಿತು. ನಂತರದ ಎಲ್ಲ ಪ್ರಯೋಗಗಳಲ್ಲೂ ಅಷ್ಟು ದೊಡ್ಡ ವ್ಯತ್ಯಾಸ ಕಂಡಿಲ್ಲ. ಆದರೂ ಇವತ್ತಿಗೂ ನಿಮ್ಮಂಥವರಿಗೆ ಕೊಡುವುದು ಇದನ್ನೇ. ಇನ್ನೊಂದು ಮಾತು: ಲೂಪಸ್ ಅಥವಾ ಈ ಪ್ರತಿಕಾಯ ಇರುವ ಗರ್ಭಿಣಿಯರನ್ನು ಹಿಂಬಾಲಿಸಿ ನೋಡಿದ ಪ್ರಾಮಿಸ್ ಅಧ್ಯಯನದಲ್ಲಿ, ಮುಂದೆ ತೊಂದರೆ ಆದವರ ರಕ್ತದಲ್ಲಿ ಕಾಂಪ್ಲಿಮೆಂಟ್ ಚೂರುಗಳು ಮೊದಲ ತಿಂಗಳುಗಳಲ್ಲೇ ಜಾಸ್ತಿ ಇದ್ದವು. ಇಲಿ ತೋರಿಸಿದ ದಾರಿ ಪೂರ್ತಿ ಸುಳ್ಳಲ್ಲ.

ಮೂರು ಬಗೆಯ ಆಂಟಿಫಾಸ್ಫೋಲಿಪಿಡ್ ಪರೀಕ್ಷೆಗಳಲ್ಲಿ ಗರ್ಭಕ್ಕೆ ಹೆಚ್ಚು ತೊಂದರೆ ಸೂಚಿಸುವುದು ನಿಮ್ಮಲ್ಲಿ ಪಾಸಿಟಿವ್ ಬಂದಿರುವ ಲೂಪಸ್ ಆಂಟಿಕೋಆಗ್ಯುಲೆಂಟ್. 23 ವಾರಕ್ಕೆ ಒಂದು ಮಗು ಹೋಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನೀಲಿಗಟ್ಟುವುದು ನಿಜವಾಗಿಯೂ ಹಿಂಸೆ. ಜಾಗ ಬದಲಿಸುತ್ತಾ ಚುಚ್ಚಿ. ಚುಚ್ಚಿದ ಮೇಲೆ ಉಜ್ಜಬೇಡಿ. ನರ್ಸ್ ಹತ್ತಿರ ಒಮ್ಮೆ ತೋರಿಸಿಕೊಳ್ಳಿ.

ಕೊನೆಯದು. ಕಾಲು ಊತ, ಮೀನಖಂಡದ ನೋವು, ಉಸಿರು ಕಟ್ಟುವುದು, ಎದೆನೋವು ಏನಾದರೂ ಇದೆಯೇ? ಉತ್ತರ ಬರೆಯಿರಿ.

ಸಂಶಯಿ: ಡಾಕ್ಟರ್ ಹೇಳಿದ ಪ್ರಯೋಗದಲ್ಲಿ ಒಂದು ಇಲಿಗೆ ಒಂದು ಸಲಕ್ಕೆ 10 ಮಿಲಿಗ್ರಾಂ ಪ್ರತಿಕಾಯ ಕೊಟ್ಟಿದ್ದಾರೆ. ಇಲಿ 25 ಗ್ರಾಂ ತೂಕ. 60 ಕೆಜಿ ಮನುಷ್ಯರಿಗೆ ಲೆಕ್ಕ ಹಾಕಿದರೆ 24 ಗ್ರಾಂ! ಅಷ್ಟು ಬೇರೆ ಜೀವಿಯ ಪ್ರೋಟೀನ್ ಸುರಿದರೆ ಯಾವ ಮರಿ ಉಳಿಯುತ್ತೆ? ಇಲಿ ಬೇರೆ, ಮನುಷ್ಯ ಬೇರೆ.

ಲ್ಯಾಬ್ ವಿದ್ಯಾರ್ಥಿ: ಆರೋಗ್ಯವಂತರ ಐಜಿಜಿಯನ್ನೂ ಅಷ್ಟೇ ಪ್ರಮಾಣದಲ್ಲಿ ಇನ್ನೊಂದು ಗುಂಪಿಗೆ ಕೊಟ್ಟಿದ್ದರು. ಆ ಮರಿಗಳು ಉಳಿದವು. ಪ್ರಬಂಧ ಓದಿ ಮಾತಾಡಿ.

ಸಂಶಯಿ: ಓದಿಯೇ ಮಾತಾಡ್ತಿರೋದು. ಥಾಲಿಡೋಮೈಡ್ ಗೊತ್ತಾ? ಇಲಿಗಳಲ್ಲಿ ತೊಂದರೆ ಕಾಣಲಿಲ್ಲ. ಮನುಷ್ಯರ ಮಕ್ಕಳು ಕೈಕಾಲು ಇಲ್ಲದೆ ಹುಟ್ಟಿದರು.

ಲ್ಯಾಬ್ ವಿದ್ಯಾರ್ಥಿ: ಮೊಲಗಳಲ್ಲಿ ಕಂಡಿತು. ಗರ್ಭಿಣಿ ಪ್ರಾಣಿಗಳ ಮೇಲೆ ಮೊದಲೇ ಸರಿಯಾಗಿ ಪರೀಕ್ಷಿಸಿದ್ದರೆ ಗೊತ್ತಾಗುತ್ತಿತ್ತು. ಅದು ಪ್ರಾಣಿ ಪ್ರಯೋಗ ಇನ್ನೂ ಬೇಕು ಅನ್ನುವುದಕ್ಕೆ ಸಾಕ್ಷಿ, ಬೇಡ ಅನ್ನುವುದಕ್ಕಲ್ಲ.

ಪಶುವೈದ್ಯ: ಇಬ್ಬರೂ ಸ್ವಲ್ಪ ನಿಲ್ಲಿ. ಯಾವ ಪ್ರಾಣಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಸು, ಮೇಕೆ, ಹಂದಿ, ಕುದುರೆಗಳಲ್ಲಿ ತಾಯಿಯ ಪ್ರತಿಕಾಯ ಮಾಸನ್ನು ದಾಟುವುದೇ ಇಲ್ಲ. ಮರಿಗೆ ಸಿಗುವುದು ಗಿಣ್ಣುಹಾಲಿನಲ್ಲಿ. ಅದಕ್ಕೇ ಕುದುರೆ ಮರಿಗಳ ಒಂದು ರೋಗ ನೋಡಿ: ಮರಿ ಹುಟ್ಟುವಾಗ ಚೆನ್ನಾಗಿರುತ್ತದೆ, ಗಿಣ್ಣುಹಾಲು ಕುಡಿದ ಮೇಲೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಬರುತ್ತದೆ.

ಡಾಕ್ಟರ್: ಸರಿಯಾದ ಮಾತು. ಒಂದು ತಿದ್ದುಪಡಿ: ಕುದುರೆಯ ಆ ಪ್ರತಿಕಾಯ ತಾಯಿಯ ಸ್ವಂತ ದೇಹದ ವಿರುದ್ಧ ಅಲ್ಲ, ಮರಿಗೆ ತಂದೆಯಿಂದ ಬಂದ ರಕ್ತಗುಂಪಿನ ವಿರುದ್ಧ. ಮನುಷ್ಯರಲ್ಲಿ ಐಜಿಜಿ ಮಾಸಿನ ಮೂಲಕವೇ ದಾಟುತ್ತದೆ. ಮೂರು ತಿಂಗಳ ಸುಮಾರಿಗೆ ಶುರುವಾಗಿ ಕೊನೆಯ ತಿಂಗಳುಗಳಲ್ಲಿ ಜಾಸ್ತಿಯಾಗುತ್ತದೆ. ಇಲಿಯಲ್ಲಿ ಮುಖ್ಯವಾಗಿ ಪಿಂಡದ ಜೊತೆಗಿರುವ ಯೋಕ್ ಸ್ಯಾಕ್ ಎಂಬ ಚೀಲದ ಪೊರೆಯ ಮೂಲಕ, ಹುಟ್ಟಿದ ಮೇಲೆ ಹಾಲಿನಿಂದಲೂ.

ಸಂಶಯಿ ಹೇಳಿದ 24 ಗ್ರಾಂ ಲೆಕ್ಕ ಸರಿ. ಪ್ರಮಾಣ ದೊಡ್ಡದೇ. ಆದ್ದರಿಂದ ‘ಇಲಿಗಳಲ್ಲಿ ಹತ್ತಕ್ಕೆ ನಾಲ್ಕು’ ಎಂಬುದನ್ನು ‘ನನ್ನ ಮಗುವಿಗೂ ಶೇ 40 ಅಪಾಯ’ ಎಂದು ಯಾರೂ ಓದಬಾರದು. ಏನು ಯಾಕೆ ಆಗುತ್ತದೆ ಎಂದು ತಿಳಿಯಲು ಇಲಿ ಬೇಕು. ಯಾರಿಗೆ ಎಷ್ಟು ಆಗುತ್ತದೆ ಎಂದು ತಿಳಿಯಲು ಮನುಷ್ಯರೇ ಬೇಕು.

ಎಂಟನೇ ವಾರ ಅವರೇ, ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಕಾಯುವ ತಾಯಿ: ನನ್ನ ಎಎನ್ಎ 1:160 ಪಾಸಿಟಿವ್. ಬೇರೆ ತೊಂದರೆ ಇಲ್ಲ. ಮಗುವಿಗೆ ಏನಾಗುತ್ತದೆ?

ಡಾಕ್ಟರ್: ಮೊದಲ ಉತ್ತರ ಓದಿ. 1:160ರಲ್ಲೂ ಆರೋಗ್ಯವಂತರಲ್ಲಿ ಶೇ 5.

ಇನ್ನೊಬ್ಬ ಸದಸ್ಯ: ನಮ್ಮ ಮನೆಯವರಿಗೂ ಎಎನ್ಎ ಪಾಸಿಟಿವ್. ಗಂಡನಿಗೂ ಪರೀಕ್ಷೆ ಬೇಕಾ?

ಎರಡನೇ ಮಗು: ನನ್ನ ಪ್ರಶ್ನೆ ಬೇರೆ. ಮೊದಲ ಮಗುವಿಗೆ ಹೊಟ್ಟೆಯಲ್ಲೇ ಹೃದಯದ ಬಡಿತ ನಿಧಾನ ಆಯಿತು, ಹಾರ್ಟ್ ಬ್ಲಾಕ್ ಅಂದರು. ಪೇಸ್‌ಮೇಕರ್ ಹಾಕಿದ್ದಾರೆ. ನನಗೆ ಆ್ಯಂಟಿ-ರೋ ಎಂಬ ಆಟೋಇಮ್ಯೂನ್ ಪ್ರತಿಕಾಯ ಇತ್ತು ಎಂದು ಆಮೇಲೆ ಗೊತ್ತಾಯಿತು. ನನಗಂತೂ ಯಾವ ಕಾಯಿಲೆಯೂ ಇಲ್ಲ. ಇನ್ನೊಂದು ಮಗು ಬೇಕು ಅಂತ ಆಸೆ.

ಡಾಕ್ಟರ್: ಆಸೆ ಬಿಡಬೇಕಿಲ್ಲ. ಆ್ಯಂಟಿ-ರೋ ಇರುವ ತಾಯಂದಿರಲ್ಲಿ ಹಾರ್ಟ್ ಬ್ಲಾಕ್ ಆಗುವುದು ನೂರಕ್ಕೆ ಸುಮಾರು 2. ಒಮ್ಮೆ ಆಗಿದ್ದರೆ ಮುಂದಿನ ಸಲ ನೂರಕ್ಕೆ 16ರಿಂದ 18. ಇಲ್ಲೂ ಪ್ರಾಣಿಗಳಿಂದ ತುಂಬಾ ಕಲಿತಿದ್ದೇವೆ. ದೇಹದ ಹೊರಗೆ ಬಡಿಯುವಂತೆ ಇಟ್ಟ ಪ್ರಾಣಿಗಳ ಹೃದಯಕ್ಕೆ ಇಂಥ ತಾಯಂದಿರ ಪ್ರತಿಕಾಯ ಹಾಯಿಸಿದಾಗ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ಸಂಕೇತಕ್ಕೆ ತಡೆ ಬಿತ್ತು. ಕ್ಯಾಲ್ಸಿಯಂ ಒಳಬರುವ ಬಾಗಿಲುಗಳಿಗೇ ಆ ಪ್ರತಿಕಾಯ ಅಡ್ಡ ಬರುತ್ತದೆ. ಹಾಗಿದ್ದರೆ ತಾಯಿಯ ಹೃದಯಕ್ಕೆ ಯಾಕೆ ಏನೂ ಆಗಲಿಲ್ಲ? ಬೆಳೆಯುತ್ತಿರುವ ಪುಟ್ಟ ಹೃದಯದಲ್ಲಿ ಆ ಕ್ಯಾಲ್ಸಿಯಂ ದಾಸ್ತಾನು ಕಡಿಮೆ, ದೊಡ್ಡವರಲ್ಲಿ ಬದಲಿ ವ್ಯವಸ್ಥೆ ಇದೆ ಎಂಬುದು ಒಂದು ವಿವರಣೆ.

ನಿಮಗೆ ಮುಖ್ಯವಾದದ್ದು ಇದು. 2020ರಲ್ಲಿ ಪ್ರಕಟವಾದ ಪ್ಯಾಚ್ ಅಧ್ಯಯನದಲ್ಲಿ ನಿಮ್ಮ ಹಾಗೆ ಮೊದಲ ಮಗುವಿಗೆ ತೊಂದರೆ ಆದ ತಾಯಂದಿರು 10 ವಾರದೊಳಗೆ ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಶುರು ಮಾಡಿದರು. ಮರುಕಳಿಸಿದ್ದು ಶೇ 7.4. ಗರ್ಭ ನಿಂತ ಮೇಲೆ ಅಲ್ಲ, ಅದಕ್ಕೂ ಮೊದಲೇ ಸಂಧಿವಾತ ಡಾಕ್ಟರನ್ನು ಮತ್ತು ಮಕ್ಕಳ ಹೃದಯ ಡಾಕ್ಟರನ್ನು ನೋಡಿ. ಈ ತೊಂದರೆ ಹೆಚ್ಚಾಗಿ ಕಾಣುವುದು 18ರಿಂದ 24 ವಾರದ ನಡುವೆ. ಆಗ ಆಗಾಗ ಸ್ಕ್ಯಾನ್ ಬೇಕು.

ಎರಡನೇ ಮಗು: ಮೂರು ವರ್ಷದಲ್ಲಿ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್ ಡಾಕ್ಟರ್.

ಹಿತೈಷಿ: ಡಾಕ್ಟರ್ ಇಂಗ್ಲಿಷ್ ಔಷಧಿ ಮಾತ್ರ ಹೇಳ್ತಾರೆ. ನಾನೂ ಸಂಶೋಧನೆಯನ್ನೇ ಹಾಕ್ತೀನಿ ನೋಡಿ. ‘ಪ್ರಿ-ಎಕ್ಲಾಂಪ್ಸಿಯಾ ಗುಣ! ಲೊಸಾರ್ಟಾನ್ ಎಂಬ ಬಿಪಿ ಮಾತ್ರೆ ಗರ್ಭಿಣಿ ಇಲಿಗಳನ್ನು ಉಳಿಸಿತು.’ ಇದು ನಿಜ ತಾನೇ?

ಡಾಕ್ಟರ್: ಇಲಿಯ ಮಾತು ನಿಜ. 2008ರಲ್ಲಿ ಪ್ರಿ-ಎಕ್ಲಾಂಪ್ಸಿಯಾ (ಗರ್ಭಿಣಿಯರಿಗೆ ಬಿಪಿ ಏರಿ ತೊಂದರೆ ಕೊಡುವ ರೋಗ) ಇರುವ ಮಹಿಳೆಯರ ಒಂದು ಪ್ರತಿಕಾಯವನ್ನು ಗರ್ಭಿಣಿ ಇಲಿಗಳಿಗೆ ಕೊಟ್ಟಾಗ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ಲೊಸಾರ್ಟಾನ್ ಅದನ್ನು ತಡೆಯಿತು. ಪ್ರತಿಕಾಯ ಯಾವ ಬಾಗಿಲು ತಟ್ಟುತ್ತದೆ ಎಂದು ತೋರಿಸಲು ಮಾಡಿದ ಪ್ರಯೋಗ ಅದು. ಆದರೆ ಮನುಷ್ಯರಲ್ಲಿ ಆ ಜಾತಿಯ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿ ಹಾಳು ಮಾಡುತ್ತದೆ. ಗರ್ಭಜಲ ಬತ್ತುತ್ತದೆ. ಮಗು ಸಾಯಬಹುದು. ಗರ್ಭಿಣಿಯರು ಇದನ್ನು ತಗೊಳ್ಳಲೇಬಾರದು. ನೀವು ಹಾಕಿದ ಎರಡು ಸಾಲು ಓದಿ ಯಾರಾದರೂ ಮನೆಯಲ್ಲಿರುವ ಮಾತ್ರೆ ನುಂಗಿದರೆ? ನಿರ್ವಾಹಕಿಯವರೇ, ದಯವಿಟ್ಟು ಇದನ್ನು ಅಳಿಸಿ.

ಹಿತೈಷಿ: ಒಳ್ಳೆಯದಕ್ಕೆ ಹಾಕಿದ್ದು. ಬೈಯುವ ಅಗತ್ಯ ಇಲ್ಲ.

ಲ್ಯಾಬ್ ವಿದ್ಯಾರ್ಥಿ: ಒಳ್ಳೆಯದಕ್ಕೆ ಅಂತಲೇ ಒಬ್ಬರು 9 ದಿನ ಇಂಜೆಕ್ಷನ್ ಬಿಟ್ಟಿದ್ದಾರೆ. ಮೇಲೆ ಓದಲಿಲ್ವಾ?

ಸಂಶಯಿ: ನೋಡಿದ್ರಾ, ನಾನು ಹೇಳಿದ್ದೇ ಆಯ್ತು. ಇಲಿಗೆ ಔಷಧ, ಮನುಷ್ಯರಿಗೆ ವಿಷ.

ಲ್ಯಾಬ್ ವಿದ್ಯಾರ್ಥಿ: ಒಂದು ಉದಾಹರಣೆ ಹಿಡಿದು ಎಲ್ಲವನ್ನೂ ತಳ್ಳಿಹಾಕುವುದು ಬಿಡಿ. ಹೆಪಾರಿನ್ ವಿಷಯದಲ್ಲಿ ಏನಂತೀರಿ? ಮೇಡಂ, ಪ್ರವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಕೂಡ ಇಲಿಗಳ ಮರಿಗಳನ್ನು ಉಳಿಸಿತಲ್ವಾ, ಅದರ ಬಗ್ಗೆ ಹೇಳಿ.

ಸಂಶಯಿ: ನಿನಗೆ ಇನ್ನೂ ಡಿಗ್ರಿ ಮುಗಿದಿಲ್ಲ, ನನಗೆ ಪಾಠ ಬೇಡ.

ನಿರ್ವಾಹಕಿ: ಇಬ್ಬರೂ ಏಕವಚನ ಬಿಡಿ. ಪುಡಿಯ ಸಂದೇಶ, ಮಾತ್ರೆಯ ಸಂದೇಶ ಎರಡನ್ನೂ ಅಳಿಸಿದ್ದೇನೆ. ಡಾಕ್ಟರ್ ಉತ್ತರದಲ್ಲಿ ಎಚ್ಚರಿಕೆ ಇರುವುದರಿಂದ ಅದನ್ನು ಹಾಗೇ ಉಳಿಸಿದ್ದೇನೆ.

ಅವಳಿ ಮಕ್ಕಳ ಅಮ್ಮ: ಅವಳಿ ಇದ್ದರೆ ಒಂದು ಮಗುವಿಗೆ ಮಾತ್ರ ಪ್ರತಿಕಾಯದಿಂದ ತೊಂದರೆ ಆಗಬಹುದಾ?

ಹೊಸ ಸದಸ್ಯೆ 2: ಎಎನ್ಎ ಪಾಸಿಟಿವ್ ಬಂದಿದೆ, ಗರ್ಭಪಾತ ಆಗುತ್ತದಾ?

ಡಾಕ್ಟರ್: ಮೇಲೆ ಎರಡು ಸಲ ಉತ್ತರಿಸಿದ್ದೇನೆ.

ಎಂಟನೇ ವಾರ: ಕ್ಷಮಿಸಿ ಡಾಕ್ಟರ್, ಫೋನ್ ಮಾಡಲು ಭಯ ಆಯಿತು. ಬೈಯುತ್ತಾರೆ ಅಂತ. ನೀವು ಕೇಳಿದ್ದಕ್ಕೆ ಹೇಳ್ತೀನಿ, ಎಡಗಾಲಿನ ಮೀನಖಂಡ ಎರಡು ದಿನದಿಂದ ನೋಯ್ತಿದೆ. ಸ್ವಲ್ಪ ಊದಿದೆ. ಜಾಸ್ತಿ ನಡೆದಿದ್ದಕ್ಕೆ ಅಂದುಕೊಂಡೆ.

ಡಾಕ್ಟರ್: ಫೋನ್ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಿ. ತುರ್ತು ವಿಭಾಗಕ್ಕೆ. ಈಗ. ಒಬ್ಬರೇ ಹೋಗಬೇಡಿ. ಒಂದೇ ಕಾಲು ಊದಿ ನೋಯುವುದು, ನಿಮ್ಮ ಪ್ರತಿಕಾಯ, ಗರ್ಭ, ಇಂಜೆಕ್ಷನ್ ಬಿಟ್ಟಿರುವುದು, ನಾಲ್ಕೂ ಸೇರಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಇವತ್ತೇ ನೋಡಬೇಕು. ಅದಕ್ಕೆ ಡಾಪ್ಲರ್ ಸ್ಕ್ಯಾನ್ ಸಾಕು, ಮಗುವಿಗೆ ಏನೂ ಆಗುವುದಿಲ್ಲ. ಕಾಲು ಉಜ್ಜಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಪುಡಿಯ ಪೊಟ್ಟಣ ಜೊತೆಗೆ ತಗೊಂಡು ಹೋಗಿ. ಯಾರಾದರೂ ಬೈದರೆ ಬೈಯಲಿ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ದಾರಿಯಲ್ಲಿ ಉಸಿರು ಕಟ್ಟಿದರೆ ಆಂಬುಲೆನ್ಸ್ ಕರೆಯಿರಿ.

ಹಿತೈಷಿ: ಅಯ್ಯೋ, ನನ್ನ ಸಂದೇಶದಿಂದ ಹೀಗಾಯ್ತಾ? ನನಗೆ ಬಂದದ್ದನ್ನೇ ಕಳಿಸಿದ್ದು.

ಸಂಶಯಿ: ಎಲ್ಲರೂ ಹೀಗೇ ಹೇಳೋದು.

ಡಾಕ್ಟರ್: ಈಗ ಇದು ಬೇಡ. ಹಿತೈಷಿಯವರೇ, ನೀವು ಆ ಪುಡಿಯ ಸಂದೇಶ ಕಳಿಸಿದ ಎಲ್ಲರಿಗೂ ‘ಇಂಜೆಕ್ಷನ್ ನಿಲ್ಲಿಸಬೇಡಿ’ ಎಂದು ಬರೆಯಿರಿ. ಇವತ್ತೇ.

ಇನ್ನೊಬ್ಬ ಸದಸ್ಯ: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಎಂಟನೇ ವಾರ: ಆಸ್ಪತ್ರೆಯಲ್ಲಿ ಇದ್ದೇನೆ. ಅಕ್ಕ ಜೊತೆಗಿದ್ದಾಳೆ. ಪೊಟ್ಟಣ ಕೊಟ್ಟೆ. ಯಾರೂ ಬೈಯಲಿಲ್ಲ. ಸ್ಕ್ಯಾನ್‌ಗೆ ಕಾಯುತ್ತಿದ್ದೇನೆ.

ಡಾಕ್ಟರ್: ಒಳ್ಳೆಯದು. ಮುಗಿದ ಕೂಡಲೇ ಒಂದು ಸಾಲು ಬರೆಯಿರಿ, ನಾನು ಎದ್ದಿರುತ್ತೇನೆ. ಉಳಿದವರ ಪ್ರಶ್ನೆ ನಾಳೆ.